ಮೀಟರಿಗೆ ಒಂದು ಲಕ್ಷ ಕಿಲೋಮೀಟರ್

ಶಾಲೆಯ ಗೋಡೆಗೆ ತೂಗುಹಾಕಿದ ಸೌರಮಂಡಲದ ಚಾರ್ಟ್ ನೋಡಿ ಬೆಳೆದವರ ತಲೆಯಲ್ಲಿ ಎರಡು ತಪ್ಪು ಗಟ್ಟಿಯಾಗಿ ಕೂತುಬಿಡುತ್ತವೆ. ಚಂದ್ರ ಭೂಮಿಯ ಮಗ್ಗುಲಲ್ಲೇ ಇದ್ದಾನೆ ಅನ್ನುವುದು ಒಂದು. ಸೂರ್ಯ ನಮಗಿಂತ ಹತ್ತಿಪ್ಪತ್ತು ಪಟ್ಟು ದೊಡ್ಡವನಿದ್ದಾನು ಅನ್ನುವುದು ಇನ್ನೊಂದು. ಚಾರ್ಟ್ ಬರೆದವರನ್ನು ಬೈದು ಉಪಯೋಗವಿಲ್ಲ. ಗಾತ್ರ ಮತ್ತು ದೂರ ಎರಡನ್ನೂ ಒಂದೇ ಪ್ರಮಾಣದಲ್ಲಿ ಬರೆಯಬೇಕೆಂದರೆ, ಭೂಮಿಯನ್ನು 1 ಮಿಲಿಮೀಟರಿನ ಚುಕ್ಕೆ ಮಾಡಿದರೂ ಸೂರ್ಯ 11.7 ಮೀಟರ್ ಆಚೆ ಹೋಗಿ ಕೂರುತ್ತಾನೆ. ಅಷ್ಟುದ್ದ ಕಾಗದ ಯಾರ ಹತ್ತಿರವೂ ಇಲ್ಲ.

ಕಾಗದದಲ್ಲಿ ಹಿಡಿಸದ್ದು ಹುಬ್ಬಳ್ಳಿಯ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಹಿಡಿಸುತ್ತದೆ, ಅದೂ ಬರೋಬರಿ. ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಜಗತ್ತಿನಲ್ಲೇ ಅತಿ ಉದ್ದದ್ದು ಎಂದು ಹೆಸರಾದ ಪ್ಲಾಟ್‌ಫಾರ್ಮ್ 1507 ಮೀಟರ್ ಇದೆ. ಸೂರ್ಯನಿಂದ ಭೂಮಿಗೆ ಸರಾಸರಿ ದೂರ 14 ಕೋಟಿ 96 ಲಕ್ಷ ಕಿಲೋಮೀಟರ್. ಒಂದು ಮೀಟರಿಗೆ ಒಂದು ಲಕ್ಷ ಕಿಲೋಮೀಟರ್ ಎಂದು ಹಿಡಿದರೆ ಅದು 1496 ಮೀಟರ್ ಆಯಿತು. ಪ್ಲಾಟ್‌ಫಾರ್ಮಿನಲ್ಲಿ ಇನ್ನೂ 11 ಮೀಟರ್ ಉಳಿಯಿತು. ಲಕ್ಷದ ಲೆಕ್ಕ ನಮಗೆ ರೂಢಿ ಇದ್ದದ್ದೇ ಆದ್ದರಿಂದ ಯಾವ ಅಂಕಿಯನ್ನಾದರೂ ಬಾಯಲ್ಲೇ ಬದಲಾಯಿಸಿಕೊಳ್ಳಬಹುದು. ಎಷ್ಟು ಲಕ್ಷ ಕಿ.ಮೀ.ಯೋ ಅಷ್ಟು ಮೀಟರ್, ಅಷ್ಟೇ.

ಈ ಪ್ರಮಾಣದಲ್ಲಿ ಸೂರ್ಯನ ವ್ಯಾಸ (13,92,700 ಕಿ.ಮೀ.) 13.9 ಮೀಟರ್, ಅಂದರೆ ನಾಲ್ಕಂತಸ್ತಿನ ಕಟ್ಟಡದ ಎತ್ತರ. ಭೂಮಿ (12,742 ಕಿ.ಮೀ.) 12.7 ಸೆಂಟಿಮೀಟರ್. ಚಂದ್ರ (3,474 ಕಿ.ಮೀ.) 3.5 ಸೆಂಟಿಮೀಟರ್. ಸೂರ್ಯನನ್ನು ಪ್ಲಾಟ್‌ಫಾರ್ಮಿನ ಒಂದು ತುದಿಗೆ ಇಟ್ಟರೆ ಭೂಮಿ ಇನ್ನೊಂದು ತುದಿಯ ಹತ್ತಿರ ಬರುತ್ತದೆ, ಚಂದ್ರ ಭೂಮಿಯಿಂದ 3.84 ಮೀಟರ್ ದೂರ ಸುತ್ತುತ್ತಾನೆ. ಭೂಮಿಯ ಕಕ್ಷೆ ಪೂರ್ತಿ ದುಂಡಲ್ಲ. ಜನವರಿ ಮೊದಲ ವಾರ ಅದು 1471ನೆಯ ಮೀಟರಿಗೆ ಬಂದಿರುತ್ತದೆ, ಜುಲೈ ಮೊದಲ ವಾರ 1521ಕ್ಕೆ ಹೋಗಿ ಪ್ಲಾಟ್‌ಫಾರ್ಮ್ ದಾಟಿ 14 ಮೀಟರ್ ಹಳಿಯ ಮೇಲಿರುತ್ತದೆ. ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ ಅನ್ನುವವರಿಗೆ ಇಷ್ಟು ಹೇಳಿದರೆ ಸಾಕು: ಜನವರಿಯ ಚಳಿಯಲ್ಲೇ ಅವನು ಅತಿ ಹತ್ತಿರ.

ಈ ಮಾದರಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಬೆಳಕಿನ ವೇಗ. ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಎಂಬುದು ಇಲ್ಲಿ ಸೆಕೆಂಡಿಗೆ 3 ಮೀಟರ್ ಆಗುತ್ತದೆ. ಸಣ್ಣಗೆ ಓಡುವ ಮನುಷ್ಯನ ವೇಗ ಅದು. ಆ ವೇಗದಲ್ಲಿ 1496 ಮೀಟರ್ ಓಡಲು 8 ನಿಮಿಷ 19 ಸೆಕೆಂಡ್ ಬೇಕು, ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ನಿಜವಾಗಿ ತಗಲುವ ಹೊತ್ತೂ ಅಷ್ಟೇ. ಚಂದ್ರನಿಂದಾದರೆ ಒಂದೂಕಾಲು ಸೆಕೆಂಡ್. ನಿಲ್ದಾಣದಲ್ಲಿ ಓಡುವುದು ಬೇಡ, ನಡೆದರೂ ಸಾಕು. ಬಿರುಸು ನಡಿಗೆಯಲ್ಲಿ ಹದಿನೆಂಟು ನಿಮಿಷ ಹಿಡಿಯುತ್ತದೆ, ಪ್ಲಾಟ್‌ಫಾರ್ಮ್ ಟಿಕೆಟ್ ಎರಡು ತಾಸು ನಡೆಯುತ್ತದೆ.

ಉಳಿದವನ್ನು ಇದರಲ್ಲೇ ಕೂರಿಸಿ ನೋಡ್ರಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಭೂಮಿಯ ಚೆಂಡಿನಿಂದ ಕೇವಲ 4 ಮಿ.ಮೀ. ಮೇಲೆ. ವಾತಾವರಣ ಎಂದು ನಾವು ಎಣಿಸುವ 100 ಕಿ.ಮೀ. ಪದರ 1 ಮಿ.ಮೀ. ಮಾಳಿಗೆಯ ಡಿಶ್ ಮುಖಮಾಡಿರುವ ಟಿವಿ ಉಪಗ್ರಹ 36 ಸೆಂ.ಮೀ. ದೂರ. ಚಂದ್ರಯಾನ-3 ದಾಟಿದ್ದು ನಾಲ್ಕು ಮೀಟರಿಗೂ ಕಡಿಮೆ ಅಂತರ. ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1 ನಿಂತಿರುವುದು ಭೂಮಿಯಿಂದ 15 ಮೀಟರ್ ಈಚೆ, ಸೂರ್ಯನಿಗೆ ಇನ್ನೂ 1480 ಮೀಟರ್ ಬಾಕಿ. ಅದು ಸೂರ್ಯನ ಹತ್ತಿರ ಹೋಗಿದೆ ಎಂಬ ಸುದ್ದಿಯನ್ನು ಈ ಅಳತೆಯಲ್ಲಿಟ್ಟು ಓದಬೇಕು. ಸೂರ್ಯನಿಂದ ಗುರು 7.8 ಕಿ.ಮೀ., ಶನಿ 14.3 ಕಿ.ಮೀ., ಯುರೇನಸ್ 28.7 ಕಿ.ಮೀ. ಹಾಗಾಗಿ ಧಾರವಾಡ ಶನಿ ಮತ್ತು ಯುರೇನಸ್‌ಗಳ ನಡುವೆ ಬರುತ್ತದೆ. ನೆಪ್ಚೂನ್ 45 ಕಿ.ಮೀ., ಗದಗ ಮುಟ್ಟುವ ಮೊದಲೇ. ಆಮೇಲಿನ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ನಾಲ್ಕು ಲಕ್ಷ ಕಿಲೋಮೀಟರ್ ಆಚೆ, ಅಂದರೆ ನಿಜವಾದ ಚಂದ್ರ ಇರುವಷ್ಟು ದೂರ.

ಇನ್ನೊಂದು ಮಾತು ಚಾರ್ಟಿನಲ್ಲಿ ಎಂದೂ ಕಾಣುವುದಿಲ್ಲ. ಚಂದ್ರನ ಇಡೀ ಕಕ್ಷೆಯ ವ್ಯಾಸ ಇಲ್ಲಿ 7.7 ಮೀಟರ್, ಸೂರ್ಯನದು 13.9. ಸೂರ್ಯನ ನಡುವಿಗೆ ಭೂಮಿಯನ್ನಿಟ್ಟರೆ ಚಂದ್ರ ಸೂರ್ಯನ ಒಳಗೇ, ಹೊರಮೈಗೆ ಅರ್ಧ ದಾರಿಯಲ್ಲೇ, ಸುತ್ತಿಕೊಂಡಿರುತ್ತಾನೆ. ಗಾತ್ರದಲ್ಲಿ ಸೂರ್ಯನೊಳಗೆ 13 ಲಕ್ಷ ಭೂಮಿ ಹಿಡಿಯುತ್ತವೆ, ತೂಕದಲ್ಲಿ ಮಾತ್ರ 3,33,000 ಪಟ್ಟು. ನೀರಿಗೆ ಹೋಲಿಸಿದರೆ ಸೂರ್ಯನ ಸಾಂದ್ರತೆ 1.4, ಭೂಮಿಯದು 5.5, ವ್ಯತ್ಯಾಸ ಬರುವುದು ಅದರಿಂದ.

ಶಾಲೆಯ ಮೈದಾನದಲ್ಲಿ ಮಾಡುವುದಾದರೆ ಪ್ರಮಾಣವನ್ನು ಹತ್ತು ಪಟ್ಟು ಇಳಿಸಿ, ಮೀಟರಿಗೆ ಹತ್ತು ಲಕ್ಷ ಕಿ.ಮೀ. ಸೂರ್ಯ 1.39 ಮೀಟರ್, ಭೂಮಿ 12.7 ಮಿ.ಮೀ., ಚಂದ್ರ 3.5 ಮಿ.ಮೀ., ಚಂದ್ರನ ದೂರ 38.4 ಸೆಂ.ಮೀ., ಸೂರ್ಯನ ದೂರ 150 ಮೀಟರ್. ಸೂರ್ಯನಿಗೆ ಹಳದಿ ಬಟ್ಟೆಯನ್ನು 69.5 ಸೆಂ.ಮೀ. ತ್ರಿಜ್ಯದಲ್ಲಿ ಕತ್ತರಿಸಿ ಎರಡು ಬಿದಿರಿನ ಕೋಲಿಗೆ ಕಟ್ಟಬೇಕು. ಚಂದ್ರನಿಗೆ ಸಣ್ಣ ಬಿಳಿಜೋಳದ ಕಾಳು ಒಂದು ಸಾಕು. ಭೂಮಿಗೆ ಗೋಲಿಗುಂಡು ತರುವುದು ವಾಡಿಕೆ, ಆದರೆ ಅಂಗಡಿಯ ಗೋಲಿ ಹೆಚ್ಚಾಗಿ 15-16 ಮಿ.ಮೀ. ಇರುತ್ತದೆ. ಅದಕ್ಕಿಂತ ಜೇಡಿಮಣ್ಣನ್ನು ಉಂಡೆ ಮಾಡಿ ಒಣಗಿಸುವುದು ಮೇಲು. ಮಣ್ಣು ಒಣಗಿದಾಗ ಕುಗ್ಗುವುದರಿಂದ ಹಸಿಯಿದ್ದಾಗ ಒಂದು ಮಿ.ಮೀ. ಹೆಚ್ಚು ಇಟ್ಟುಕೊಳ್ಳಿ.

ದೊಡ್ಡ ಪ್ರಮಾಣದ್ದೇ ಬೇಕೆಂದರೆ ಭೂಮಿಗೆ 5 ಇಂಚಿನ ಥರ್ಮಾಕೋಲ್ ಚೆಂಡು ಸರಿಯಾಗಿ 12.7 ಸೆಂ.ಮೀ. ಬರುತ್ತದೆ. ಚಂದ್ರನಿಗೆ ಒಂದೂವರೆ ಇಂಚಿನದನ್ನು ತಂದು ಪಾಲಿಶ್ ಕಾಗದದಿಂದ ಉಜ್ಜಿ 3.5ಕ್ಕೆ ಇಳಿಸಬೇಕು. ಬಣ್ಣ ನೀರಿನದೇ ಆಗಲಿ. ಥಿನ್ನರ್ ಹಾಕಿದ ಆಯಿಲ್ ಪೇಂಟ್ ಬಳಿದರೆ ಥರ್ಮಾಕೋಲ್ ಕರಗಿ ಭೂಮಿಗೆ ಗುಂಡಿ ಬೀಳುತ್ತವೆ. 14 ಮೀಟರಿನ ಸೂರ್ಯನನ್ನು ನೆಲದ ಮೇಲೆ ಸುಣ್ಣದ ಪುಡಿಯಿಂದ ಬಿಡಿಸಬಹುದು: ನಡುವೆ ಗೂಟ, 6.96 ಮೀಟರ್ ದಾರ. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗುವುದರಿಂದ ವೃತ್ತದ ಎರಡು ತುದಿ ಕೂಡುವುದೇ ಇಲ್ಲ. ಅಳತೆ ಟೇಪನ್ನೇ ಗೂಟಕ್ಕೆ ಸಿಕ್ಕಿಸಿ ಸುತ್ತಿ.

ಈಗ ಅಳೆಯುವ ಮಾತು. ಈ ಅಂಕಿಗಳಲ್ಲಿ ಹೆಚ್ಚಿನವನ್ನು ಮನೆಯಲ್ಲೇ ತೆಗೆಯಬಹುದು, ಒಂದನ್ನು ಮಾತ್ರ ಆಗುವುದಿಲ್ಲ. ಯಾವುದು ಆಗುತ್ತದೆ, ಯಾವುದು ಯಾಕೆ ಆಗುವುದಿಲ್ಲ ಎಂದು ತಿಳಿಯುವುದರಲ್ಲೇ ಈ ವಿಷಯದ ತಿರುಳಿದೆ ಎಂದು ನನ್ನ ಲೆಕ್ಕ.

ಮೊದಲು ಸೂರ್ಯನ ದೂರಕ್ಕೂ ವ್ಯಾಸಕ್ಕೂ ಇರುವ ಅನುಪಾತ. ಅಂಗೈಯಗಲದ ಕನ್ನಡಿಯೊಂದಕ್ಕೆ ಕಪ್ಪು ಕಾಗದ ಅಂಟಿಸಿ, ನಡುವೆ 5 ಮಿ.ಮೀ. ರಂಧ್ರ ಬಿಡಿ. ಕನ್ನಡಿಯನ್ನು ಬಿಸಿಲಲ್ಲಿ ಒಂದು ಕುರ್ಚಿಯ ಮೇಲೆ ಅಲುಗಾಡದಂತೆ ಇಟ್ಟು, ಬೆಳಕನ್ನು 10 ಮೀಟರ್ ದೂರದ ಕತ್ತಲ ಕೋಣೆಯ ಬಿಳಿ ಗೋಡೆಗೆ ಹಾಯಿಸಿ. ಗೋಡೆಯ ಮೇಲೆ ದುಂಡನೆಯ ಬೆಳಕು ಬೀಳುತ್ತದೆ, ಅದೇ ಸೂರ್ಯನ ಬಿಂಬ. ರಂಧ್ರವನ್ನು ಚೌಕಾಕಾರ ಕತ್ತರಿಸಿದರೂ ಬಿಂಬ ದುಂಡಗೇ ಇರುತ್ತದೆ. ಗೋಡೆಯನ್ನು ಒಂದು ಗೇಣಿನಷ್ಟು ಹತ್ತಿರ ತಂದರೆ ಮಾತ್ರ ಚೌಕ ಕಾಣುತ್ತದೆ, ಆಗ ಅದು ಸೂರ್ಯನ ಬಿಂಬವಲ್ಲ, ಬರೀ ರಂಧ್ರದ ಆಕಾರ. 10 ಮೀಟರಿಗೆ ಬಿಂಬ ಸುಮಾರು 93 ಮಿ.ಮೀ. ಬರಬೇಕು. 10,000ವನ್ನು 93ರಿಂದ ಭಾಗಿಸಿ: 107. ಸೂರ್ಯ ತನ್ನ ವ್ಯಾಸದ 107 ಪಟ್ಟು ದೂರದಲ್ಲಿದ್ದಾನೆ.

ಕೆಡುವುದು ನಾಲ್ಕು ಕಡೆ. ಬಿಂಬದ ಅಂಚು 5 ಮಿ.ಮೀ. ಅಗಲಕ್ಕೆ ಮಸುಕಾಗಿರುತ್ತದೆ. ಮಸುಕಿನ ತೀರಾ ಹೊರ ಅಂಚನ್ನು ಹಿಡಿದರೆ ರಂಧ್ರದ ಅಗಲವನ್ನು ಕಳೆಯಬೇಕು, ಮಸುಕಿನ ನಡುಭಾಗವನ್ನು ಹಿಡಿದರೆ ಕಳೆಯಬಾರದು. ಎರಡನ್ನೂ ಬೆರೆಸಿದರೆ 5 ಪ್ರತಿಶತ ತಪ್ಪು ಬರುತ್ತದೆ. ಗೋಡೆ ಬೆಳಕಿಗೆ ನೇರವಾಗಿಲ್ಲದಿದ್ದರೆ ಬಿಂಬ ಮೊಟ್ಟೆಯಂತಾಗುತ್ತದೆ, ಆಗ ಕಿರಿಯ ಅಗಲವೇ ಸರಿಯಾದದ್ದು. ದೂರವನ್ನು ಕನ್ನಡಿಯಿಂದ ಗೋಡೆಗೆ ಬೆಳಕಿನ ದಾರಿಯಲ್ಲೇ ಅಳೆಯಬೇಕು, ನೆಲದ ಮೇಲಲ್ಲ. ನಾಲ್ಕನೆಯದು, ಬಿಂಬ ನಿಲ್ಲುವುದಿಲ್ಲ. ಸೂರ್ಯ ತನ್ನ ಅಗಲದಷ್ಟು ಸರಿಯಲು ಎರಡು ನಿಮಿಷದ ಮೇಲೆ ಏಳೆಂಟು ಸೆಕೆಂಡ್ ಸಾಕು, ಒಂದು ಅಂಚಿಗೆ ಗುರುತು ಹಾಕಿ ಇನ್ನೊಂದಕ್ಕೆ ಬರುವಷ್ಟರಲ್ಲಿ ಅಳತೆ ಕೆಟ್ಟಿರುತ್ತದೆ. ಇಬ್ಬರು ಒಟ್ಟಿಗೆ ಗುರುತು ಹಾಕಿ. ಕನ್ನಡಿಯ ಬೆಳಕು ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳಿ. ರಂಧ್ರದ ಮೂಲಕ ಸೂರ್ಯನನ್ನು ನೇರ ನೋಡುವುದಂತೂ ಬೇಡವೇ ಬೇಡ.

ಇದನ್ನು ಜನವರಿ ಮೊದಲ ವಾರ ಮಾಡಿದರೆ ಬಿಂಬ 94.7 ಮಿ.ಮೀ., ಜುಲೈನಲ್ಲಿ 91.6. ಮೂರು ಮಿ.ಮೀ. ವ್ಯತ್ಯಾಸ ಸ್ಕೇಲಿನಲ್ಲೇ ಸಿಗುತ್ತದೆ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಬಿಡುವು ಕೊಡಬೇಕು, ಅಷ್ಟೇ ತಕರಾರು. ಸರಾಸರಿ ಅಂಕಿ ಬೇಕಿದ್ದರೆ ಅಕ್ಟೋಬರ್ ಮೊದಲ ವಾರ ಒಳ್ಳೆಯದು.

ಚಂದ್ರನಿಗೆ ಹತ್ತು ರೂಪಾಯಿ ನಾಣ್ಯ ಸಾಕು, ಅದರ ವ್ಯಾಸ 27 ಮಿ.ಮೀ. ಕಿಟಕಿಯ ಗಾಜಿಗೆ ನಾಣ್ಯ ಅಂಟಿಸಿ, ಅದು ಹುಣ್ಣಿಮೆಯ ಚಂದ್ರನನ್ನು ಸರಿಯಾಗಿ ಮುಚ್ಚುವವರೆಗೆ ಹಿಂದೆ ಸರಿಯಿರಿ. ಕಣ್ಣಿಗೂ ನಾಣ್ಯಕ್ಕೂ ಅಂತರ ಸುಮಾರು 3 ಮೀಟರ್ ಬರುತ್ತದೆ, ನಾಣ್ಯದ 110 ಪಟ್ಟು. ಕತ್ತಲಲ್ಲಿ ಕಣ್ಣಿನ ಪಾಪೆ ಅರಳಿರುವುದರಿಂದ ನಾಣ್ಯದ ಸುತ್ತ ಬೆಳಕು ಸೋರಿ, ಇನ್ನೂ ಹತ್ತಿರ ಬರಬೇಕು ಅನ್ನಿಸುತ್ತದೆ. ಕಣ್ಣಿನ ಮುಂದೆ 2 ಮಿ.ಮೀ. ತೂತಿನ ರಟ್ಟು ಹಿಡಿದರೆ ಅದು ಸರಿಹೋಗುತ್ತದೆ. ಚಂದ್ರನ ದೂರ 3,56,500ರಿಂದ 4,06,700 ಕಿ.ಮೀ.ವರೆಗೆ ಬದಲಾಗುವುದರಿಂದ ಈ ಅಂತರವೂ 2.77ರಿಂದ 3.16 ಮೀಟರ್‌ವರೆಗೆ ಓಲಾಡುತ್ತದೆ. ಮೂಡುವ ಚಂದ್ರ ದೊಡ್ಡವನಾಗಿ ಕಾಣುವುದು ಕಣ್ಣಿನ ಭ್ರಮೆ ಎಂಬುದಕ್ಕೂ ಇದೇ ನಾಣ್ಯ ಸಾಕ್ಷಿ. ಮೂಡಿದಾಗಲೂ ನೆತ್ತಿಗೆ ಬಂದಾಗಲೂ ಅಂತರ ಹೆಚ್ಚುಕಡಿಮೆ ಅದೇ.

ಸೂರ್ಯನ ವ್ಯಾಸ ಚಂದ್ರನ 401 ಪಟ್ಟು, ದೂರ 389 ಪಟ್ಟು. ಎರಡು ಅಂಕಿ ಇಷ್ಟು ಹತ್ತಿರ ಇರುವುದರಿಂದಲೇ ಖಗ್ರಾಸ ಸೂರ್ಯಗ್ರಹಣ ಸಾಧ್ಯ, ಇಷ್ಟು ಹತ್ತಿರವಿದ್ದೂ ಸಮ ಇಲ್ಲದಿರುವುದರಿಂದಲೇ ಕಂಕಣ ಗ್ರಹಣಗಳು ಇನ್ನೂ ಹೆಚ್ಚು. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡಿನ ಕಡೆ ಕಂಡದ್ದು ಕಂಕಣ, ನಮ್ಮ ಕಡೆ ಖಂಡಗ್ರಾಸ.

ಇಲ್ಲಿಯವರೆಗೆ ಸಿಕ್ಕದ್ದು ಅನುಪಾತ ಮಾತ್ರ, ಕಿಲೋಮೀಟರ್ ಅಲ್ಲ. ಕಿಲೋಮೀಟರಿಗೆ ಭೂಮಿಯನ್ನೇ ಅಳೆಯಬೇಕು. ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮತ್ತು ಸಯೀನ್ ನಡುವೆ ಮಾಡಿದ ನೆರಳಿನ ಲೆಕ್ಕವನ್ನು ಇಲ್ಲಿ ಮಾಡಲು ಧಾರವಾಡ ಮತ್ತು ಮಂಗಳೂರು ಒಳ್ಳೆಯ ಜೋಡಿ. ಧಾರವಾಡದ ರೇಖಾಂಶ 75.0, ಮಂಗಳೂರಿನದು 74.9, ಒಂದೇ ಗೆರೆಯ ಮೇಲಿವೆ ಎನ್ನಬಹುದು. ಅಕ್ಷಾಂಶ 15.46 ಮತ್ತು 12.91. ಹುಬ್ಬಳ್ಳಿ–ಹಾವೇರಿ ಜೋಡಿ ಹತ್ತಿರವಾದರೂ ಕೆಲಸಕ್ಕೆ ಬಾರದು. ಅಲ್ಲಿ ಒಂದು ಮೀಟರ್ ಕೋಲಿನ ನೆರಳುಗಳ ವ್ಯತ್ಯಾಸ ಒಂದೆರಡು ಸೆಂಟಿಮೀಟರ್, ನೆರಳಿನ ತುದಿಯ ಮಸುಕೂ ಹೆಚ್ಚುಕಡಿಮೆ ಅಷ್ಟೇ.

ಡಿಸೆಂಬರ್ 21ರ ಆಸುಪಾಸು ಮಾಡಿ. ಆಕಾಶ ಶುಭ್ರವಿರುತ್ತದೆ, ಜೊತೆಗೆ ಆ ದಿನಗಳಲ್ಲಿ ಸೂರ್ಯನ ಮಧ್ಯಾಹ್ನದ ಎತ್ತರ ಬದಲಾಗುವುದೇ ಕಡಿಮೆ, ಎರಡು ಊರಿನವರು ಎರಡು ದಿನ ಹಿಂದುಮುಂದಾಗಿ ಅಳೆದರೂ ನಡೆಯುತ್ತದೆ. ಒಂದು ಮೀಟರ್ ಕೋಲನ್ನು ಗೌಂಡಿಗಳ ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ನೆಲವನ್ನು ಲೆವೆಲ್ ಇಟ್ಟು ನೋಡಿ. ಕೋಲಿನ ತುದಿಗೆ 3 ಮಿ.ಮೀ. ತೂತಿನ ರಟ್ಟು ಅಂಟಿಸಿದರೆ ಮಸುಕು ತುದಿಯ ತಕರಾರು ತಪ್ಪುತ್ತದೆ: ನೆರಳಿನ ನಡುವೆ ಬೀಳುವ ಬೆಳಕಿನ ಚುಕ್ಕೆಯ ಮಧ್ಯಕ್ಕೆ ಗುರುತು ಹಾಕಿದರಾಯಿತು. ಕೋಲಿನ ಎತ್ತರವನ್ನೂ ನೆರಳಿನ ಬುಡವನ್ನೂ ತೂತಿನಿಂದಲೇ ಅಳೆಯಬೇಕು, ತೂಗುಗುಂಡನ್ನು ತೂತಿನಿಂದ ಇಳಿಬಿಟ್ಟರೆ ಬುಡ ಸಿಗುತ್ತದೆ. ಮಧ್ಯಾಹ್ನ ಎಂದರೆ ಗಡಿಯಾರದ ಹನ್ನೆರಡಲ್ಲ. ನಮ್ಮ ಸಮಯ 82.5 ಡಿಗ್ರಿ ರೇಖಾಂಶದ್ದು, ಹಾಗಾಗಿ ಧಾರವಾಡದಲ್ಲಿ ಆ ದಿನ ಸೂರ್ಯ ಅತಿ ಮೇಲೆ ಬರುವುದು ಸುಮಾರು 12:28ಕ್ಕೆ. 12:15ರಿಂದ 12:40ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ ಅತಿ ಚಿಕ್ಕ ನೆರಳನ್ನು ಆರಿಸಿಕೊಳ್ಳಿ.

ಧಾರವಾಡದಲ್ಲಿ ನೆರಳು 80.7 ಸೆಂ.ಮೀ., ಮಂಗಳೂರಿನಲ್ಲಿ 73.6 ಬರಬೇಕು. ನೆರಳನ್ನು ಕೋಲಿನ ಎತ್ತರದಿಂದ ಭಾಗಿಸಿ, ಫೋನಿನ ಕ್ಯಾಲ್ಕುಲೇಟರಿನಲ್ಲಿ ವಿಲೋಮ ಟ್ಯಾನ್ (tan⁻¹) ತೆಗೆದರೆ 38.90 ಮತ್ತು 36.35 ಡಿಗ್ರಿ. ವ್ಯತ್ಯಾಸ 2.55, ಭೂಮಿಯ 360 ಡಿಗ್ರಿ ಸುತ್ತಿನಲ್ಲಿ ಈ ಎರಡು ಊರುಗಳ ನಡುವಿನ ಪಾಲು ಅಷ್ಟು. ಎರಡು ಊರಿನ ನೇರ ಅಂತರ ನಕ್ಷೆಯಲ್ಲಿ ಅಳೆದರೆ 282 ಕಿ.ಮೀ. ಬಸ್ಸಿನ ಕಿಲೋಮೀಟರ್ ಹಾಕಿದರೆ ಭೂಮಿ ಊದಿಕೊಳ್ಳುತ್ತದೆ. 282ನ್ನು 360ರಿಂದ ಗುಣಿಸಿ 2.55ರಿಂದ ಭಾಗಿಸಿ: ಸುತ್ತಳತೆ ಸುಮಾರು 39,800 ಕಿ.ಮೀ., ವ್ಯಾಸ 12,700. ನೆರಳಲ್ಲಿ ಎರಡು ಮಿ.ಮೀ. ತಪ್ಪಿದರೆ ಉತ್ತರದಲ್ಲಿ ಮೂರು ಪ್ರತಿಶತದಷ್ಟು ತಪ್ಪುತ್ತದೆ. ಒಬ್ಬರೇ ಮಾಡುವುದಾದರೆ ಧಾರವಾಡದ ಶೂನ್ಯ ನೆರಳಿನ ದಿನ ಬಳಸಬಹುದು, ಮೇ 2-3ರ ಸುಮಾರಿಗೆ ಮಧ್ಯಾಹ್ನ 12:27ಕ್ಕೆ ನೆರಳು ಕೋಲಿನ ಬುಡದಲ್ಲೇ ಇರುತ್ತದೆ. ಆಗ ಮಂಗಳೂರಿನ ಅಳತೆಯೊಂದೇ ಸಾಕು.

ಭೂಮಿ ಸಿಕ್ಕಿದರೆ ಚಂದ್ರ ಸಿಕ್ಕಿದಂತೆ. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ಭೂಮಿಯ ನೆರಳಿನ ಅಂಚು ಬಾಗಿರುತ್ತದಲ್ಲ, ಆ ಬಾಗಿನಿಂದ ಇಡೀ ನೆರಳಿನ ಗಾತ್ರ ತೆಗೆಯಬಹುದು. ಸುಮಾರು ಅರ್ಧ ಮುಚ್ಚಿದ ಚಂದ್ರನ ಫೋಟೋ ಪ್ರಿಂಟ್ ಮಾಡಿ, ನೆರಳಿನ ಅಂಚಿನ ಮೇಲೆ ಆದಷ್ಟು ದೂರದೂರ ಮೂರು ಬಿಂದು ಗುರುತಿಸಿ. ಬಿಂದುಗಳನ್ನು ಕೂಡಿಸುವ ಗೆರೆಗಳ ಲಂಬ ಸಮದ್ವಿಭಾಜಕ ಎಳೆದರೆ ನೆರಳಿನ ಕೇಂದ್ರ ಸಿಗುತ್ತದೆ. ನೆರಳಿನ ವ್ಯಾಸ ಚಂದ್ರನ 2.65 ಪಟ್ಟಿನ ಹತ್ತಿರ ಬರಬೇಕು. ಗ್ರಹಣ ಈಗಷ್ಟೇ ಹಿಡಿದ ಫೋಟೋ ತೆಗೆದುಕೊಂಡರೆ ಕಮಾನಿನ ತುಣುಕು ಚಿಕ್ಕದು, ಎರಡೂವರೆ ಬರುವಲ್ಲಿ ನಾಲ್ಕೂ ಬಂದೀತು. ನಾಲ್ಕೈದು ಫೋಟೋಗಳ ಸರಾಸರಿ ತೆಗೆಯಿರಿ. 2025ರ ಸೆಪ್ಟೆಂಬರ್ 7ರ ರಾತ್ರಿಯ ಗ್ರಹಣದ ಫೋಟೋ ನಿಮ್ಮ ಫೋನಿನಲ್ಲಿದ್ದರೆ ಅದೂ ಆದೀತು, ಇಲ್ಲವಾದರೆ 2028ರ ಡಿಸೆಂಬರ್ 31ರ ರಾತ್ರಿ ನಮಗೆ ಚೆನ್ನಾಗಿ ಕಾಣುವ ಖಗ್ರಾಸ ಚಂದ್ರಗ್ರಹಣವಿದೆ.

ಈ 2.65ಕ್ಕೆ ಒಂದು ಕೂಡಿಸಬೇಕು, ಇಲ್ಲೇ ಹೆಚ್ಚಿನವರು ಎಡವುವುದು. ಸೂರ್ಯ ನಮಗಿಂತ ದೊಡ್ಡದಾದ್ದರಿಂದ ನೆರಳು ಹೋಗ್ತಾ ಹೋಗ್ತಾ ಕಿರಿದಾಗುತ್ತದೆ. ಎಷ್ಟು ಕಿರಿದಾಗುತ್ತದೆ? ಸೂರ್ಯಗ್ರಹಣವೇ ಉತ್ತರ. ಚಂದ್ರನ ನೆರಳು ಭೂಮಿಗೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಮೊನೆಯಾಗಿರುತ್ತದೆ, ಅಂದರೆ ಅಷ್ಟು ದೂರದಲ್ಲಿ ಅದು ಒಂದು ಚಂದ್ರವ್ಯಾಸದಷ್ಟು ಸವೆಯುತ್ತದೆ. ಭೂಮಿಯ ನೆರಳೂ ಅದೇ ದೂರದಲ್ಲಿ ಅಷ್ಟೇ ಸವೆಯುತ್ತದೆ. ಹಾಗಾಗಿ ಭೂಮಿ ಚಂದ್ರನ 3.65 ಪಟ್ಟು, ನಿಜವಾದ ಅಂಕಿ 3.67. ನಾಣ್ಯದಿಂದ ಬಂದ 110ನ್ನು 3.67ರಿಂದ ಭಾಗಿಸಿದರೆ 30: ಚಂದ್ರ ಮೂವತ್ತು ಭೂಮಿಯಷ್ಟು ದೂರ.

ಉಳಿದದ್ದು ಸೂರ್ಯನ ದೂರ, ಮನೆಯಲ್ಲಿ ಆಗದ ಅಳತೆ. ಪ್ರಾಚೀನ ಗ್ರೀಕ್ ಖಗೋಳಜ್ಞ ಅರಿಸ್ಟಾರ್ಕಸ್ ಒಂದು ಉಪಾಯ ಹೂಡಿದ್ದ: ಚಂದ್ರ ಸರಿಯಾಗಿ ಅರ್ಧವಿದ್ದಾಗ ಸೂರ್ಯ, ಭೂಮಿ, ಚಂದ್ರರ ನಡುವೆ ಲಂಬಕೋನ ತ್ರಿಭುಜವಾಗುತ್ತದೆ, ಭೂಮಿಯಲ್ಲಿನ ಕೋನ ಅಳೆದರೆ ದೂರ ಸಿಗುತ್ತದೆ. ಅವನು ಹಿಡಿದದ್ದು 87 ಡಿಗ್ರಿ, ಅದರಿಂದ ಸೂರ್ಯ ಚಂದ್ರನಿಗಿಂತ 19 ಪಟ್ಟು ದೂರ ಎಂದು ಬಂತು. ನಿಜವಾದ ಕೋನ 89.85. ವಿಧಾನ ತಪ್ಪಲ್ಲ, ಆದರೆ 90ಕ್ಕೂ ಅದಕ್ಕೂ ಇರುವ ಅಂತರವನ್ನು ಚಂದ್ರ ಹದಿನೆಂಟು ನಿಮಿಷದಲ್ಲಿ ದಾಟುತ್ತಾನೆ. ಅಷ್ಟಮಿಯ ಚಂದ್ರ ಯಾವ ನಿಮಿಷಕ್ಕೆ ಸರಿಯಾಗಿ ಅರ್ಧವಾದ ಎಂದು ಬರಿಗಣ್ಣಲ್ಲಿ ಹೇಳುವವರು ಯಾರೂ ಇಲ್ಲ.

ಸಿದ್ಧಾಂತಗಳೆಂಬ ನಮ್ಮ ಹಳೆಯ ಖಗೋಳ ಗ್ರಂಥಗಳೂ ಎಡವಿದ್ದು ಇಲ್ಲೇ. ಸೂರ್ಯಸಿದ್ಧಾಂತದಲ್ಲಿ ಭೂಮಿಯ ವ್ಯಾಸ 1600 ಯೋಜನ, ಚಂದ್ರನದು 480, ಸೂರ್ಯನದು 6500. ಚಂದ್ರ ಭೂಮಿಯ 0.30 ಭಾಗ ಎಂದಾಯಿತು, ನಿಜ 0.27, ಬಲು ಹತ್ತಿರ. ಚಂದ್ರನ ಕಕ್ಷೆ 3,24,000 ಯೋಜನ, ಅದರಿಂದ ದೂರ 32 ಭೂಮಿಯಷ್ಟು, ನಿಜ 30. ಸೂರ್ಯ ಮಾತ್ರ ಭೂಮಿಯ ನಾಲ್ಕೇ ಪಟ್ಟು, ನಿಜ 109. ಆಕಾಶದಲ್ಲಿ ಎಲ್ಲರೂ ದಿನಕ್ಕೆ ಅಷ್ಟಷ್ಟೇ ಯೋಜನ ನಡೆಯುತ್ತಾರೆ ಎಂದು ಅಲ್ಲಿ ಹಿಡಿಯಲಾಗಿತ್ತು. ಚಂದ್ರನ ಒಂದು ಸುತ್ತಿಗಿಂತ ಸೂರ್ಯನ ಸುತ್ತಿಗೆ 13.37 ಪಟ್ಟು ಹೊತ್ತು ಹಿಡಿಯುವುದರಿಂದ ದೂರವೂ 13.37 ಪಟ್ಟು ಎಂದಾಯಿತು, ಬೇಕಿದ್ದದ್ದು 389. ಆರ್ಯಭಟನ ಅಂಕಿಗಳೂ (ಭೂಮಿ 1050, ಚಂದ್ರ 315, ಸೂರ್ಯ 4410) ಹೆಚ್ಚುಕಡಿಮೆ ಇದೇ ಅನುಪಾತದವು.

ಸೂರ್ಯ 108 ಭೂಮಿಯಷ್ಟು ಅಗಲ, ಜಪಮಾಲೆಯ 108 ಮಣಿ ಅದರಿಂದಲೇ ಬಂತು ಎಂದು ವಾಟ್ಸಾಪಿನಲ್ಲಿ ಓಡಾಡುವ ಮಾತಿಗೆ ಈ ಅಂಕಿಗಳೇ ಉತ್ತರ. ಸೂರ್ಯ–ಚಂದ್ರರ ದೂರ ತಮ್ಮ ತಮ್ಮ ವ್ಯಾಸದ 107-110 ಪಟ್ಟು ಎಂಬುದು ಬರೀ ಕೋನದ ಮಾತು, ಸೂರ್ಯಸಿದ್ಧಾಂತದ ಲೆಕ್ಕದಲ್ಲೂ ಅದು 106-107 ಬರುತ್ತದೆ, ನಾಣ್ಯದಿಂದ ನಿಮಗೂ ಬರುತ್ತದೆ. ಭೂಮಿಗೆ ಸೂರ್ಯ 109 ಪಟ್ಟು ಎಂಬುದು ಬೇರೆ ಸಂಗತಿ. ಅದಕ್ಕೆ ದೂರ ಗೊತ್ತಿರಬೇಕು, ಆ ಗ್ರಂಥಗಳಿಗೆ ಅದು ಗೊತ್ತಿರಲಿಲ್ಲ.

ದೂರ ಸಿಕ್ಕದ್ದು ಶುಕ್ರನಿಂದ. 1761 ಮತ್ತು 1769ರ ಶುಕ್ರ ಸಂಕ್ರಮಣಗಳನ್ನು ಭೂಮಿಯ ಬೇರೆಬೇರೆ ಕಡೆಯಿಂದ ನೋಡಿ, ಶುಕ್ರ ಸೂರ್ಯಬಿಂಬ ದಾಟುವ ಹೊತ್ತಿನ ವ್ಯತ್ಯಾಸದಿಂದ ಲೆಕ್ಕ ಹಾಕಿದರು. 2012ರ ಜೂನ್ 6ರ ಬೆಳಿಗ್ಗೆ ಆದದ್ದು ಈ ಶತಮಾನದ ಕೊನೆಯದು, ಮುಂದಿನದು 2117ಕ್ಕೆ. 1961ರಲ್ಲಿ ಶುಕ್ರನಿಗೆ ರಾಡಾರ್ ಅಲೆ ಕಳಿಸಿ ಮರಳಿ ಹಿಡಿದ ಮೇಲೆ ಅನುಮಾನ ಉಳಿಯಲಿಲ್ಲ. 2012ರಲ್ಲಿ ಖಗೋಳಮಾನವನ್ನು, ಅಂದರೆ ಸೂರ್ಯ–ಭೂಮಿಯ ಸರಾಸರಿ ದೂರದ ಮಾನವನ್ನು, 14,95,97,870.7 ಕಿ.ಮೀ. ಎಂದು ಅಳತೆಯ ಘಟಕವಾಗಿಯೇ ನಿಗದಿ ಮಾಡಿದರು.

ಈ ಒಂದು ಅಂಕಿಯನ್ನು ಪುಸ್ತಕದಿಂದ ಸಾಲ ತಂದರೆ ಕನ್ನಡಿಯ ಬಿಂಬ ಕಿಲೋಮೀಟರಿಗೆ ಇಳಿಯುತ್ತದೆ. 14.96 ಕೋಟಿಯನ್ನು 107.4ರಿಂದ ಭಾಗಿಸಿ: 13.93 ಲಕ್ಷ ಕಿ.ಮೀ. ನಿಮಗೆ 105 ಬಂದಿದ್ದರೆ 14.25 ಲಕ್ಷ ಆಗುತ್ತದೆ. ಅಳೆದದ್ದು ಜನವರಿಯಲ್ಲಾದರೆ ಭಾಗಿಸಬೇಕಾದದ್ದು 14.96 ಅಲ್ಲ, 14.71 ಕೋಟಿ. ಜುಲೈಯಾದರೆ 15.21.